ಹೆಬ್ಬೆರಳಿನ ಹಾಜರಿ

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯವರಿಗೂ ಗೊತ್ತು, ಕಾಲೇಜಿನವರಿಗೂ ಗೊತ್ತು, ನಾರಾಯಣಪೇಟೆ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುವಾತನಿಗಂತೂ ಚೆನ್ನಾಗಿ ಗೊತ್ತು. ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ಆದರೆ ಗದ್ವಾಲಿನಲ್ಲಿ ಬಂದ ಸಿಟ್ಟು ಮಾತ್ರ ಇಳಿಯಲಿಲ್ಲ. ಬರೆದಾದರೂ ನೋಡೋಣ ಎಂದು ಕೂತಿದ್ದೇನೆ.

ನಾನು ನಾರಾಯಣಪೇಟೆಯ ಪದವಿ ಕಾಲೇಜೊಂದರಲ್ಲಿ ಪಾಠ ಹೇಳುವವಳು. ತಲೆಗೂದಲು ಅರ್ಧ ಬೆಳ್ಳಗಾದ ಮೇಲೆ ಪಿಎಚ್.ಡಿ. ಮಾಡುವ ಹುಚ್ಚು ಹತ್ತಿತು. ನಮ್ಮ ಕಡೆಯ ಕಾಲೇಜುಗಳು ತಮ್ಮ ವೆಬ್‌ಸೈಟು, ಆನ್‌ಲೈನ್ ದಾಖಲೆ, ಹಾಜರಿ ಯಂತ್ರ ಇವುಗಳಿಂದ ವಿದ್ಯಾರ್ಥಿಗಳಿಗೆ ಎಷ್ಟು ನೆರವಾಗುತ್ತಿವೆ ಎಂಬುದು ನಾನು ಆರಿಸಿಕೊಂಡ ವಿಷಯ. ಮಾರ್ಗದರ್ಶಕರು ಕೇಳಿದ ಕೂಡಲೇ ಒಪ್ಪಿದರು. ನಾನೇ ಕೂತು ಒಂದು ಪ್ರಶ್ನಾವಳಿ ತಯಾರಿಸಿದೆ. ಪ್ರತಿ ಪ್ರಶ್ನೆಯ ಮುಂದೆ ಎರಡು ಚೌಕ, ಒಂದು ಹೌದು, ಒಂದು ಇಲ್ಲ. ಕೊನೆಯಲ್ಲಿ ಸಂಶೋಧಕಿಯ ಅಭಿಪ್ರಾಯ ಬರೆಯಲು ನಾಲ್ಕು ಗೆರೆ, ಅದರ ಕೆಳಗೆ ಸಹಿ. ತುಂಬಿದ ನಮೂನೆಯ ಒಂದು ಪ್ರತಿಯನ್ನು ಆಯಾ ಕಾಲೇಜಿಗೆ ಕೊಟ್ಟು ಬರಬೇಕೆಂಬ ನಿಯಮವನ್ನೂ ನಾನೇ ಮಾಡಿಕೊಂಡೆ. ಅದರಲ್ಲಿ ಏನೋ ದೊಡ್ಡ ಪ್ರಾಮಾಣಿಕತೆ ಇದೆ ಅನ್ನಿಸಿತ್ತು ಆಗ.

ಮೊದಲು ನಮ್ಮ ಊರಿನಿಂದಲೇ ಶುರು ಮಾಡಿದೆ. ನಾರಾಯಣಪೇಟೆಯ ಒಂದು ಖಾಸಗಿ ಕಾಲೇಜಿನ ವೆಬ್‌ಸೈಟು ತೆರೆದರೆ ಹುಲ್ಲುಹಾಸಿನ ನಡುವೆ ಗಾಜಿನ ಕಟ್ಟಡ ಬರುತ್ತಿತ್ತು. ಆ ಕಾಲೇಜು ಇರುವುದು ಒಂದು ಗಿರಣಿಯ ಹಿಂದೆ, ತಗಡಿನ ಮೇಲ್ಚಾವಣಿಯ ಎರಡು ಸಾಲು ಕೋಣೆಗಳಲ್ಲಿ. 'ವಿದ್ಯಾರ್ಥಿಗಳಿಗಾಗಿ' ಎಂಬಲ್ಲಿ ಒತ್ತಿದರೆ ಏನೂ ತೆರೆಯುವುದಿಲ್ಲ. 'ಸಂಪರ್ಕಿಸಿ' ಎಂಬಲ್ಲಿದ್ದ ಸಂಖ್ಯೆಗೆ ಫೋನು ಮಾಡಿದರೆ ಸಿಮೆಂಟು ಅಂಗಡಿಯವನು ಎತ್ತಿಕೊಂಡು, ಎಷ್ಟು ಚೀಲ ಬೇಕು ಎಂದು ಕೇಳಿದ. ಕಾಲೇಜಿನ ಬಗ್ಗೆ ಕೇಳಿದರೆ ರೇಗಿದ. ಪಾಪ, ಪ್ರವೇಶದ ತಿಂಗಳಲ್ಲಿ ಅವನಿಗೆ ದಿನವೂ ಇದೇ ಗೋಳು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ವೆಬ್‌ಸೈಟಿನಲ್ಲಿ ಅವನ ಸಂಖ್ಯೆ ಹಾಕಿದವರ ಮೇಲೆ ಬಂತು, ಸಂಜೆಗೆ ಇಳಿಯಿತು.

ಆಮೇಲೆ ಉಟ್ಕೂರ್ ಮೇಲೆ ಹಾಯ್ದು ಶೇರ್ ಆಟೋದಲ್ಲಿ ಮಕ್ತಲ್‌ಗೆ ಹೋದೆ. ಅಲ್ಲಿಯ ಕಾಲೇಜಿನ ಗುಮಾಸ್ತರು ವಯಸ್ಸಾದವರು. ಕೆಂಪು ಬಟ್ಟೆಯಲ್ಲಿ ಸುತ್ತಿದ ದಫ್ತರಗಳ ನಡುವೆ ಕೂತು ಕಂಪ್ಯೂಟರಿನ ಮೇಲೆ ಟವೆಲು ಹೊದಿಸಿಟ್ಟಿದ್ದರು.

"ವೆಬ್‌ಸೈಟ್ ಯಾರು ನೋಡ್ತಾರ್ರಿ ಮೇಡಂ? ಹುಡುಗ್ರು ನನ್ನ ಕೇಳ್ತಾರ, ನಾ ಹೇಳ್ತೀನಿ. ಅದು ಮ್ಯಾಲಿನವರು ನೋಡಾಕ ಐತಿ," ಎಂದರು.

"ಅದರೊಳಗ ಹೋದ ವರ್ಷದ ಟೈಮ್‌ಟೇಬಲ್ಲಾ ಐತಲ್ರಿ?"

"ಬದ್ಲಿ ಮಾಡಾಕ ಪಾಸ್‌ವರ್ಡ್ ಬೇಕ್ರಿ. ಪಾಸ್‌ವರ್ಡ್ ಹೈದರಾಬಾದ್‌ದಾಗ ಐತಿ."

ನಾನು ಅವರಿಗೆ ಒಂದು ಪಾಠವನ್ನೇ ಹೇಳಿದೆ. ಇದು ಹೀಗೆ ನಡೆದರೆ ಹಳ್ಳಿಯಿಂದ ಬರುವ ಹುಡುಗಿ ಎರಡು ಬಸ್ಸು ಬದಲಿಸಿ ಬಂದು ಪರೀಕ್ಷೆ ಮುಂದಕ್ಕೆ ಹೋದದ್ದನ್ನು ತಿಳಿದು ವಾಪಸು ಹೋಗಬೇಕಾಗುತ್ತದೆ, ಇದು ಅನ್ಯಾಯ ಎಂದೆ. ಅವರು ಪೂರ್ತಿ ಕೇಳಿಸಿಕೊಂಡು ಚಹಾ ತರಿಸಿದರು. ಪ್ರಶ್ನಾವಳಿಯ ಚೌಕಗಳಲ್ಲಿ ಸಾಲಾಗಿ ಇಲ್ಲ, ಇಲ್ಲ ಎಂದು ಗುರುತು ಹಾಕಿ ಎದ್ದೆ. ಒಳ್ಳೆ ಕೆಲಸ ಮಾಡಿದೆನೆಂಬ ಸಮಾಧಾನವಿತ್ತು.

ಹಾಗೆ ಇಲ್ಲಗಳನ್ನೇ ಬರೆದು ಬರೆದು ಬೇಸರ ಬಂದಿದ್ದಾಗ ಗದ್ವಾಲಿನ ಒಂದು ಕಾಲೇಜಿನ ಮಾತು ಕಿವಿಗೆ ಬಿತ್ತು. ಅಲ್ಲಿ ಎಲ್ಲವೂ ಆನ್‌ಲೈನಂತೆ, ಹಾಜರಿಯೂ ಯಂತ್ರದಲ್ಲಂತೆ, ಹೋಗಿ ನೋಡಿ ಕಲಿಯಿರಿ ಎಂದು ನಮ್ಮ ಕಾಲೇಜಿನವರೇ ಹೇಳಿದರು. ಜುರಾಲಾ ದಾಟಿ, ಧರೂರಿನ ಗದ್ದೆಗಳ ಪಕ್ಕದಿಂದ ಹಾಯ್ದು ಬಸ್ಸು ಗದ್ವಾಲ್ ಮುಟ್ಟುವ ಹೊತ್ತಿಗೆ ಹತ್ತು ಗಂಟೆಯಾಗಿತ್ತು. ಪದವಿಯ ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಆಗ ಎರಡು ವಾರ ಬಾಕಿ.

ಪ್ರಾಂಶುಪಾಲರು ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಅವರ ಮನೆತನ ಮೂಲತಃ ರಾಯಚೂರು ಕಡೆಯದು. ನನ್ನ ಮಾತಿನ ಧಾಟಿ ಕೇಳಿದ್ದೇ ತೆಲುಗು ಬಿಟ್ಟು ಕನ್ನಡಕ್ಕೆ ಹೊರಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ತೆಳ್ಳಗೆ ವಿಭೂತಿ, ನಗುಮುಖ.

"ನಮ್ಮಲ್ಲಿ ಕಾಗದಾನ ಇಲ್ರಿ ಮೇಡಂ. ಹಾಜರಿ, ಅಂಕ, ನೋಟಿಸು, ಹಾಲ್ ಟಿಕೆಟ್ ಎಲ್ಲಾ ಸಿಸ್ಟಮ್‌ನಾಗ. ಹುಡುಗ ಬರಲಿಲ್ಲಂದ್ರ ಹತ್ತೂವರಿಗೆ ಅವರಪ್ಪನ ಫೋನಿಗೆ ಮೆಸೇಜ್ ಹೋಗ್ತೈತಿ."

ಗೇಟಿನ ಪಕ್ಕದ ಗೋಡೆಗೆ ಅಂಗೈಯಷ್ಟಗಲದ ಯಂತ್ರ. ಅದರ ತಲೆಯ ಮೇಲೆ ಎಂದೋ ಇಟ್ಟ ಕುಂಕುಮದ ಬೊಟ್ಟು ಒಣಗಿ ಕಪ್ಪಾಗಿತ್ತು. ಮಕ್ಕಳು ಸಾಲಾಗಿ ಬಂದು ಬಲಗೈ ಹೆಬ್ಬೆರಳು ಒತ್ತುತ್ತಿದ್ದರು. ನಾನು ನೋಡುತ್ತ ನಿಂತಷ್ಟು ಹೊತ್ತು ಯಂತ್ರ ಪ್ರತಿಯೊಬ್ಬರಿಗೂ 'ಥ್ಯಾಂಕ್ ಯೂ' ಅನ್ನುತ್ತಿತ್ತು. ನನಗೆ ನಿಜಕ್ಕೂ ಖುಷಿಯಾಯಿತು. ಆ ಬೆಳಿಗ್ಗೆ ನಾನು ಹಾಕಿದಷ್ಟು ಹೌದುಗಳನ್ನು ಅಲ್ಲಿಯವರೆಗೆ ಎಲ್ಲಿಯೂ ಹಾಕಿರಲಿಲ್ಲ.

ಎರಡು ಪ್ರಶ್ನೆ ಮಾತ್ರ ಉಳಿದಿದ್ದವು. ಒಂದು ಹಾಜರಿ ಯಂತ್ರದ್ದು. ಇನ್ನೊಂದಕ್ಕೆ ಯಾವುದಾದರೂ ಒಂದು ಕೆಲಸವನ್ನು ವಿದ್ಯಾರ್ಥಿಯ ಕೈಯಿಂದಲೇ ಮಾಡಿಸಿ ನೋಡಬೇಕು ಎಂದು ಬರೆದುಕೊಂಡಿದ್ದೆ. ಹಾಲ್ ಟಿಕೆಟು ಇಳಿಸಿಕೊಳ್ಳುವುದನ್ನು ತೋರಿಸಲಿ ಎಂದೆ. ಕಂಪ್ಯೂಟರ್ ಕೋಣೆಯಲ್ಲಿ ಕೊನೆಯ ವರ್ಷದ ಮಕ್ಕಳಿದ್ದರು. ಬಾಗಿಲ ಬಳಿ ಕೂತ ಹುಡುಗಿಯನ್ನು ಕರೆದೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ನೀಲಿ ಚೂಡಿದಾರ. ನಾಚುತ್ತಲೇ ಬಂದು ಕೂತಳು, ತನ್ನ ಸಂಖ್ಯೆಯನ್ನು ಚಕಚಕನೆ ಒತ್ತಿದಳು. ತೆರೆಯ ಮೇಲೆ ಕೆಂಪು ಅಕ್ಷರಗಳು ಬಂದವು. ಹಾಜರಿ ಕೊರತೆ, ಪರೀಕ್ಷೆಗೆ ಅರ್ಹರಲ್ಲ.

ಅವಳು ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ.

"ನಾ ದಿನಾ ಬಂದೀನ್ರಿ ಸಾರ್," ಎಂದು ಪ್ರಾಂಶುಪಾಲರ ಕಡೆ ತಿರುಗಿದಳು. "ಒಂದ ದಿನಾನೂ ತಪ್ಪಿಸಿಲ್ರಿ."

"ಹಂಗಾರ ಸಿಸ್ಟಮ್ ಸುಳ್ಳ ಹೇಳತೈತೇನು? ಕೊರತಿ ಇದ್ದವರ ಪಟ್ಟಿ ವೆಬ್‌ಸೈಟ್‌ನಾಗ ಹಾಕಿದ್ವಲ್ಲ. ಮೂರು ದಿನದಾಗ ಅರ್ಜಿ ಕೊಡ್ರಿ ಅಂತ ಬರದಿದ್ವಲ್ಲ. ನೋಡಲಿಲ್ಲೇನು?"

ಅವಳು ನೋಡಿರಲಿಲ್ಲ. ನಾನು ಆಮೇಲೆ ಹುಡುಕಿದೆ. ಮುಖಪುಟದಲ್ಲಿ ಓಡುವ ಸಾಲಿನಲ್ಲಿ, ಯಾರದೋ ಸನ್ಮಾನದ ಸುದ್ದಿಯ ಹಿಂದೆ, ಇಂಗ್ಲಿಷಿನಲ್ಲಿ ಆ ಪಟ್ಟಿಯ ಕೊಂಡಿ ಇತ್ತು. ದಿನವೂ ತರಗತಿಯಲ್ಲೇ ಕೂತಿರುವ ಹುಡುಗಿಗೆ ನೀನು ಬಂದಿಲ್ಲ ಎಂದು ಬಾಯಲ್ಲಿ ಒಂದು ಮಾತು ಹೇಳಲು ಆ ಕಾಲೇಜಿನಲ್ಲಿ ಯಾರಿಗೂ ಆಗಲಿಲ್ಲ. ಮೈ ಉರಿಯಿತು.

ಅವಳ ತರಗತಿಗೆ ಇತಿಹಾಸ ಹೇಳುವ ಮೇಷ್ಟ್ರನ್ನು ಕರೆಸಿದೆವು. ಅವರು ಪ್ರಾಂಶುಪಾಲರ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಹೋಗಿ ತಮ್ಮ ಕಪಾಟಿನಿಂದ ಉದ್ದನೆಯ ಹಾಜರಿ ಪುಸ್ತಕ ತಂದರು. ಕಾಗದ ಇಲ್ಲದ ಕಾಲೇಜಿನಲ್ಲಿ ಅದು ಇರಲೇಬಾರದಾಗಿತ್ತು. "ರೂಢಿ ಬಿಡಾಕ ಆಗಲಿಲ್ರಿ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅವಳ ಹೆಸರಿನ ಮುಂದೆ ಸಾಲಿಗೆ ಸಾಲೇ ಹಾಜರು. ನಡುವೆ ಎರಡು ದಿನ ಜ್ವರವೆಂದು ಬರೆದಿತ್ತು.

ಯಂತ್ರದ ಬಳಿ ಹೋದೆವು. ಅವಳು ಬಲಗೈ ಹೆಬ್ಬೆರಳು ಒತ್ತಿದಳು. 'ಟ್ರೈ ಅಗೇನ್' ಎಂದಿತು ಯಂತ್ರ. ಒರೆಸಿ ಒತ್ತಿದಳು. ಉಗುಳು ಹಚ್ಚಿ ಒತ್ತಿದಳು. ಮತ್ತದೇ. ದಿನವೂ ಹೀಗೇ ಅನ್ನುತ್ತಿತ್ತಂತೆ, ತರಗತಿಯಲ್ಲಿ ಮೇಷ್ಟ್ರು ಹೆಸರು ಕೂಗಿ ಬರೆದುಕೊಳ್ಳುತ್ತಾರಲ್ಲ ಎಂದು ಅವಳು ಸುಮ್ಮನೆ ಒಳಗೆ ಹೋಗುತ್ತಿದ್ದಳಂತೆ. ನಾನು ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ. ಹೆಬ್ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಒಗೆಯುವ ಕಲ್ಲಿನ ಹಾಗೆ ನುಣ್ಣಗಾಗಿತ್ತು.

"ಏನ್ ಕೆಲಸ ಮಾಡ್ತಿಯವ್ವ ಮನಿಯಾಗ?"

"ಹಾಸು ಕೂಡಸ್ತೀನ್ರಿ."

ನಾರಾಯಣಪೇಟೆಯಲ್ಲಿ ಹುಟ್ಟಿದ ನನಗೆ ಅಷ್ಟು ಸಾಕಾಗಿತ್ತು. ಹಾಸು ಎಂದರೆ ಮಗ್ಗಕ್ಕೆ ಉದ್ದುದ್ದಕ್ಕೆ ಎಳೆದು ಕಟ್ಟುವ ನೂಲು. ಒಂದು ಹಾಸು ನೇಯ್ದು ಮುಗಿದಾಗ, ಹಳೆಯ ನೂಲಿನ ತುದಿಗೆ ಹೊಸ ನೂಲಿನ ತುದಿಯನ್ನು ಒಂದೊಂದೇ ಎಳೆಯಾಗಿ ಕೂಡಿಸಬೇಕು. ಹೆಬ್ಬೆರಳು, ತೋರುಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಹೊಸೆದು ಕೂಡಿಸುತ್ತಾರೆ. ಒಂದೊಂದು ಹಾಸಿನಲ್ಲೂ ಸಾವಿರಾರು ಎಳೆ. ಹೆಚ್ಚಾಗಿ ಹೆಂಗಸರೇ ಮಾಡುವ ಕೆಲಸ. ಅವಳ ದೊಡ್ಡವ್ವ ಇಡೀ ಓಣಿಗೆ ಮಾಡುತ್ತಿದ್ದಳಂತೆ. ಕಣ್ಣು ಮಂಜಾದ ಮೇಲೆ ಈ ಹುಡುಗಿ ಮುಂಜಾನೆ ಎದ್ದು ಆ ಕೆಲಸ ಮುಗಿಸಿ ಕಾಲೇಜಿಗೆ ಬರುತ್ತಿದ್ದಳು. ಯಂತ್ರಕ್ಕೆ ಬೆರಳು ಕೊಟ್ಟದ್ದು ಅದಕ್ಕಿಂತ ಮೊದಲು. ಆಗ ಗೆರೆಗಳಿದ್ದವು.

"ಎಡಗೈ ಕೊಡು," ಎಂದೆ. ಎಡಗೈ ಹೆಬ್ಬೆರಳಿನ ಗೆರೆಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಆದರೆ ಯಂತ್ರಕ್ಕೆ ಆ ಬೆರಳಿನ ಪರಿಚಯವೇ ಇರಲಿಲ್ಲ.

ಯಾಕಿಲ್ಲ ಎಂದು ಕೇಳಿದಾಗ ತಿಳಿದದ್ದನ್ನು ಇವತ್ತಿಗೂ ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಯಂತ್ರ ಬಂದ ದಿನ ಅದಕ್ಕೆ ಪೂಜೆ ಮಾಡಿಸಿದ್ದರು. ಹೂವು ಏರಿಸಿ, ಕಾಯಿ ಒಡೆದು, ಬೊಟ್ಟಿಟ್ಟು, ಮೊದಲ ಹೆಬ್ಬೆರಳನ್ನು ಪ್ರಾಂಶುಪಾಲರೇ ಒತ್ತಿದ್ದರು. ಯಂತ್ರ ಹಾಕಲು ಬಂದವನು ಎರಡೂ ಕೈಯ ಎರಡೆರಡು ಬೆರಳು ಕೊಡಿಸಿರಿ ಎಂದು ಹೇಳಿದ್ದನಂತೆ. ಹೊಸದಾಗಿ ಬೊಟ್ಟಿಟ್ಟ ಯಂತ್ರಕ್ಕೆ ಎಡಗೈ ಮುಟ್ಟಿಸುವುದೆಂದರೇನು? ಆಫೀಸಿನವರು ಪಕ್ಕದಲ್ಲಿ ನಿಂತು ಬಲಗೈ, ಬಲಗೈ ಎಂದು ಕೂಗುತ್ತ ಎಲ್ಲರ ಬಲಗೈ ಹೆಬ್ಬೆರಳನ್ನಷ್ಟೇ ಒತ್ತಿಸಿದರು. ಎಡಗೈ ಚಾಚಿದ ಒಬ್ಬನಿಗೆ ಬೈದರಂತೆ ಕೂಡ. ನಮ್ಮ ಮನೆಯಲ್ಲೂ ಹೊಸ ವಸ್ತು ಬಂದರೆ ಹಾಗೇ ಮಾಡುತ್ತೇವೆ. ಆ ದಿನ ಅಲ್ಲಿದ್ದರೆ ನಾನೂ ಬಲಗೈಯನ್ನೇ ಕೊಡುತ್ತಿದ್ದೆ. ಅದಕ್ಕೆ ನಾನು ಸಿಟ್ಟಾಗಲಿಲ್ಲ. ತಪ್ಪು ಕಣ್ಣೆದುರು ಬಂದ ಮೇಲೂ ಅದನ್ನು ತಿದ್ದದೆ ನಿಂತರಲ್ಲ, ಅದು ನನ್ನನ್ನು ಕೆರಳಿಸಿತು.

"ಇವತ್ತಾ ಎಡಗೈ ಸೇರಸ್ತೀವ್ರಿ," ಎಂದರು ಪ್ರಾಂಶುಪಾಲರು. "ಆದ್ರ ಹಿಂದಿಂದು ಏನೂ ಮಾಡಾಕ ಬರಂಗಿಲ್ಲ. ತಿಂಗಳು ಮುಗೀತಂದ್ರ ಸಿಸ್ಟಮ್ ಬಂದ್ ಆಗ್ತೈತಿ."

"ಪುಸ್ತಕ ಐತಲ್ರಿ ಸರ. ಅದನ್ನ ಇಟ್ಟು ವಿಶ್ವವಿದ್ಯಾಲಯಕ್ಕ ಒಂದು ಪತ್ರ ಬರೀರಿ."

ಅವರು ನನ್ನನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. "ಮೇಡಂ, ಮುಂದಿನ ತಿಂಗಳು ನಮ್ಮ ಕಾಲೇಜಿಗೆ ದರ್ಜೆ ಕೊಡಾಕ ತಂಡ ಬರ್ತೈತಿ. ಯಂತ್ರ ಕೆಲಸ ಮಾಡಲಿಲ್ಲ ಅಂತ ನಾನಾ ಬರದು ಕೊಡ್ಲೇನು? ಒಂದು ಹುಡುಗಿ ಸಲುವಾಗಿ?"

ಒಂದು ಹುಡುಗಿ ಸಲುವಾಗಿ! ಹಾಗಾದರೆ ಆ ಯಂತ್ರ ಯಾರ ಸಲುವಾಗಿ, ಆ ವೆಬ್‌ಸೈಟು ಯಾರ ಸಲುವಾಗಿ ಎಂದು ಕೇಳಿದೆ. ದನಿ ಏರಿತ್ತು. ಹೊರಗೆ ಜವಾನ ಕಿವಿ ನಿಮಿರಿಸಿದ್ದು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಪ್ರಾಂಶುಪಾಲರು ಮಾತ್ರ ನಗುಮುಖ ಬಿಡಲಿಲ್ಲ. ಬೈಗುಳಕ್ಕೆ ಅಂಜದವರನ್ನು ನಾನು ಕಂಡಿದ್ದೇನೆ. ಬೈಸಿಕೊಳ್ಳುತ್ತ ನಗುವವರ ಎದುರು ನನ್ನ ಸಿಟ್ಟಿಗೆ ಕೈಕಾಲೇ ಆಡುವುದಿಲ್ಲ.

ಹೊರಗೆ ಹುಡುಗಿ ಕಾಯುತ್ತಿದ್ದಳು. ಅಳುತ್ತಿರಲಿಲ್ಲ. "ಮೇಡಂ, ಮನಿಗೆ ಬರ್ತೀರೇನ್ರಿ? ನಾ ಹೇಳಿದ್ರ ಅವ್ವ ನಂಬಂಗಿಲ್ಲ. ಕಾಲೇಜ್ ತಪ್ಪಿಸಿ ಎಲ್ಲೋ ತಿರಗ್ಯಾಳ ಅಂತಾಳ," ಎಂದಳು.

ಹೋದೆ. ಓಣಿಯ ತುಂಬ ಮಗ್ಗದ ಸದ್ದು. ಅವರ ಮನೆಯ ಮೊದಲ ಕೋಣೆಯ ಮುಕ್ಕಾಲು ಭಾಗ ಮಗ್ಗವೇ. ತಾಯಿ ಮಗ್ಗದ ಮೇಲಿದ್ದಳು, ಪಕ್ಕದಲ್ಲಿ ಅವಳ ವಾರಗಿತ್ತಿ ಕೂತು ಅಂಚಿನ ಲಾಳಿ ಕೊಡುತ್ತಿದ್ದಳು. ಗದ್ವಾಲ್ ಸೀರೆಯ ರೇಷ್ಮೆ ಅಂಚನ್ನು ಹತ್ತಿಯ ಒಡಲಿಗೆ ಸಿಕ್ಕಿಸಿ ನೇಯುವಾಗ ಒಬ್ಬರ ಕೈ ಸಾಲುವುದಿಲ್ಲ, ಮಗ್ಗಕ್ಕೆ ಇಬ್ಬರು ಬೇಕು. ನಾನು ನಡೆದದ್ದನ್ನೆಲ್ಲ ಹೇಳಿದೆ. ತಾಯಿ ಲಾಳಿ ಕೆಳಗಿಟ್ಟು ಮಗಳ ಕೈ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು.

"ಅವರಪ್ಪನ ಫೋನು ದಿನಾ ಒಂದಸಲ ಕುಂಯ್ ಅಂತಿತ್ರಿ ಅಕ್ಕಾರ. ಇಂಗ್ಲಿಷ್ ಇರ್ತಿತ್ತು. ಫೋನ್ ಕಂಪನಿದು ಅಂತ ಬಿಟ್ವಿ."

"ಪರೀಕ್ಷಾ ತಪ್ಪಿದ್ರ ಮುಂದಿನ ವರ್ಷ ಬರೀಬಹುದಂತ," ಎಂದೆ ನಾನು. ಅದನ್ನು ಯಾಕೆ ಅಂದೆನೋ. ಸಮಾಧಾನ ಹೇಳಲು ಹೊರಟಾಗ ಬಾಯಿಗೆ ಇಂಥವೇ ಬರುತ್ತವೆ.

"ಮುಂದಿನ ವರ್ಷ ಎಲ್ಲೈತ್ರಿ?" ಎಂದಳು ತಾಯಿ. ವಾರಗಿತ್ತಿಯ ಕಡೆ ಕೈ ಮಾಡಿದಳು. "ಈಕಿ ಕುಂತಾಳಲ್ರಿ, ಇದು ನನ್ನ ಮಗಳ ಜಾಗ. ಮೂರು ವರ್ಷ ಓದಾಕ ಬಿಡ್ರಿ ಅಂತ ಮನ್ಯಾಗ ಎಲ್ಲಾರ ಕಾಲು ಹಿಡದೀನಿ. ಮೂರು ವರ್ಷ ಅಷ್ಟಾ. ಅದರ ಮ್ಯಾಲ ಈಕಿಗೂ ಆಗಂಗಿಲ್ಲ, ಸೊಂಟ ಬಿದ್ದೈತಿ. ಪಾಸಾಗಿ ಟೀಚರ್ ಟ್ರೇನಿಂಗ್ ಸೀಟು ಸಿಕ್ರ ಹೋಗ್ತಾಳ. ಇಲ್ಲಾಂದ್ರ ಬಂದು ಇಲ್ಲಿ ಕುಂದ್ರತಾಳ. ಕುಂತ ಮ್ಯಾಲ ಯಾರು ಎಬ್ಬಸ್ತಾರ್ರಿ?"

ಹುಡುಗಿ ಗೋಡೆಗೆ ಒರಗಿ ನಿಂತು ಆ ಜಾಗವನ್ನೇ ನೋಡುತ್ತಿದ್ದಳು.

ಮರುದಿನ ನಾರಾಯಣಪೇಟೆಗೆ ಹಿಂತಿರುಗಬೇಕಿತ್ತು. ಹಿಂತಿರುಗಲಿಲ್ಲ. ಮತ್ತೆ ಕಾಲೇಜಿಗೆ ಹೋದೆ. ನನ್ನ ಕೈಯಲ್ಲಿ ಇನ್ನೂ ಸಹಿ ಹಾಕದ ಪ್ರಶ್ನಾವಳಿ ಇತ್ತು. ರಾತ್ರಿ ಗದ್ವಾಲಿನಲ್ಲೇ ಗೆಳತಿಯೊಬ್ಬಳ ಮನೆಯಲ್ಲಿ ಉಳಿದು ಯೋಚಿಸಿ, ಇದನ್ನೇ ಹಿಡಿದು ಅವರನ್ನು ಹೆದರಿಸುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದೆ. ಹಾಜರಿ ಯಂತ್ರ ಎಲ್ಲ ವಿದ್ಯಾರ್ಥಿಗಳಿಗೂ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗೆ ದೊಡ್ಡದಾಗಿ ಇಲ್ಲ ಎಂದು ಬರೆಯುತ್ತೇನೆ, ಕೆಳಗಿನ ನಾಲ್ಕು ಗೆರೆ ಸಾಲದಿದ್ದರೆ ಹಿಂದಿನ ಪುಟವನ್ನೂ ತುಂಬುತ್ತೇನೆ ಎಂದೆ.

ಪ್ರಾಂಶುಪಾಲರು ಕುರ್ಚಿ ಮುಂದೆ ಎಳೆದುಕೊಂಡು, ಹೂವಿನ ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಮೆತ್ತಗೆ ಹೇಳಿದರು.

"ಮೇಡಂ, ಜಗಳ ಯಾಕ್ರಿ? ಆ ಹುಡುಗಿಗೆ ಕೈಗೆ ಗಾಯ ಆಗಿತ್ತು ಅಂತ ನಾ ಪತ್ರ ಬರೀತೀನಿ. ಪುಸ್ತಕದ ನಕಲು ಜೋಡಸ್ತೀನಿ. ಹಾಲ್ ಟಿಕೆಟ್ ಬರ್ತೈತಿ, ಅದು ನನ್ನ ಜವಾಬ್ದಾರಿ. ನೀವು ನಿಮ್ಮ ಫಾರಂದಾಗ ಹೌದು ಅಂತ ಹಾಕಿ ಸಹಿ ಮಾಡ್ರಿ. ತಂಡ ಬಂದಾಗ ತೋರ್ಸಾಕ ಒಂದು ಹೊರಗಿನವರ ಕಾಗದ ಬೇಕು ನಮಗ."

ಯಂತ್ರದ್ದಲ್ಲ ತಪ್ಪು, ಹುಡುಗಿಯ ಕೈಯದು! ಎದ್ದು ಬರಬೇಕಿತ್ತು ನಾನು. ಆ ಕಾಗದವನ್ನು ಹರಿದು ಅವರ ಮೇಜಿನ ಮೇಲೆ ಎಸೆಯಬೇಕಿತ್ತು. ಮಕ್ತಲ್‌ನ ಗುಮಾಸ್ತರಿಗೆ ಅನ್ಯಾಯದ ಪಾಠ ಹೇಳಿದ ಬಾಯಿ ನನ್ನದು. ಆದರೆ ಕಣ್ಣ ಮುಂದೆ ಆ ಮಗ್ಗದ ಎರಡನೇ ಜಾಗವಿತ್ತು. ಹದಿಮೂರು ದಿನ ಉಳಿದಿದ್ದವು. ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿಯ ಕಿಟಕಿಗಳ ಮುಂದೆ ನಿಂತು ಅರ್ಜಿ ಕೊಟ್ಟರೆ ಉತ್ತರ ಬರುವುದು ಯಾವಾಗ ಎಂಬುದು ನನ್ನ ನೌಕರಿಯುದ್ದಕ್ಕೂ ಕಂಡದ್ದೇ. ಮೊದಲು ಪತ್ರ ಬರೆಯಿರಿ ಎಂದೆ. ಅವರು ನನ್ನೆದುರೇ ಬರೆಸಿದರು, ಮೇಷ್ಟ್ರ ಪುಸ್ತಕದ ಪುಟಗಳನ್ನು ನಕಲು ಮಾಡಿಸಿ ಜೋಡಿಸಿದರು, ಮೊಹರು ಒತ್ತಿದರು. ನಾನು ಹೌದು ಎಂಬ ಚೌಕದಲ್ಲಿ ಗುರುತು ಹಾಕಿದೆ.

ಅಭಿಪ್ರಾಯದ ಗೆರೆಗಳು ಖಾಲಿ ಇವೆಯಲ್ಲ ಎಂದರು. ಅದನ್ನೂ ಬರೆದೆ. ಈ ಕಾಲೇಜಿನ ಹಾಜರಿ ವ್ಯವಸ್ಥೆಯನ್ನು ಖುದ್ದಾಗಿ ಪರಿಶೀಲಿಸಿದ್ದೇನೆ, ಯಾವ ವಿದ್ಯಾರ್ಥಿಗೂ ತೊಂದರೆಯಾದುದು ಕಂಡುಬಂದಿಲ್ಲ. ಅಕ್ಷರ ಚೆನ್ನಾಗಿಯೇ ಬಂದವು. ಒಂದು ಪ್ರತಿ ಅವರಿಗೆ ಕೊಟ್ಟೆ.

ಹೊರಗೆ ಬಂದು ಹುಡುಗಿಗೆ, ನಿನ್ನ ಕೆಲಸ ಆಯಿತು, ಇನ್ನು ಓದಿಕೋ ಹೋಗು ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಅವಳ ಉಪಕಾರದ ಮಾತು ಕೇಳುವ ಮನಸ್ಸೂ ಇರಲಿಲ್ಲ. ತಲೆ ಸವರಿ ಹೊರಟುಬಿಟ್ಟೆ.

ಧರೂರು ದಾಟುವವರೆಗೂ ಪ್ರಾಂಶುಪಾಲರಿಗೆ ಮನಸ್ಸಿನಲ್ಲೇ ಬೈದೆ. ಜುರಾಲಾ ದಾಟಿದ ಮೇಲೆ ನನ್ನನ್ನು ನಾನೇ ಒಪ್ಪಿಸತೊಡಗಿದೆ. ಒಂದು ಸುಳ್ಳು ಕಾಗದ ಹೋಯಿತು, ಒಬ್ಬ ಹುಡುಗಿಯ ಬದುಕು ಉಳಿಯಿತು, ಯಾರಿಗೇನು ನಷ್ಟ ಎಂದುಕೊಂಡೆ. ಮನೆಗೆ ಬರುವ ಹೊತ್ತಿಗೆ ಸ್ವಲ್ಪ ಹೆಮ್ಮೆಯೂ ಆಗಿತ್ತೆಂದು ಒಪ್ಪಿಕೊಳ್ಳಬೇಕು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅವಳ ಫೋನು ಬಂತು.

"ಮೇಡಂ, ನಂದು ಹಾಲ್ ಟಿಕೆಟ್ ಬಂತ್ರಿ!"

"ಬಂತಲ್ಲ, ಚಲೋ ಆತು ಬಿಡವ್ವ. ಚಂದಾಗಿ ಬರಿ."

ಅವಳು ಫೋನು ಇಡಲಿಲ್ಲ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು.

"ಮೇಡಂ, ನಮ್ಮ ಓಣ್ಯಾಗ ಇನ್ನಿಬ್ರು ಅದಾರ್ರಿ. ನನ್ನ ಕ್ಲಾಸಾ. ಅವರೂ ಹಾಸು ಕೂಡಸ್ತಾರ. ಅವರಿಗೂ ಕೆಂಪ ಬರ್ತೈತ್ರಿ. ಆವತ್ತಾ ಹೇಳಾಕ ಬಂದಿದ್ದೆ, ನೀವು ಬಸ್ಸಿಗೆ ಹೊಂಟಿದ್ರಿ. ನಮ್ಮ ಸಾರ್ ಒಪ್ಯಾರಲ್ಲ, ಅವರದೂ ಕೊಡ್ತಾರ ಅಂತ ತಿಳ್ಕೊಂಡಿದ್ವಿ. ನಿನ್ನಿ ಕೇಳಿದ್ರ ಆಗಂಗಿಲ್ಲ ಅಂದ್ರು. ನೀವು ಬಂದು ಒಂದು ಮಾತು ಹೇಳ್ರಿ."

ಸಿಕ್ಕ ಬಸ್ಸು ಹಿಡಿದು ಹೋದೆ. ಮಧ್ಯಾಹ್ನವಾಗಿತ್ತು. ಪ್ರಾಂಶುಪಾಲರ ಕೋಣೆಗೆ ನುಗ್ಗಿದವಳೇ ದನಿ ಏರಿಸಿದೆ. ಯಂತ್ರ ಒಬ್ಬಳನ್ನಲ್ಲ, ಮೂವರನ್ನು ನುಂಗಿದೆ. ಇನ್ನೆಷ್ಟು ಮಂದಿಯಿದ್ದಾರೋ ತೆಗೆದು ನೋಡಿರಿ. ಈ ಊರಿನಲ್ಲಿ ಮಗ್ಗದ ಮನೆಯ ಮಕ್ಕಳನ್ನು ಕಾಲೇಜಿಗೆ ಸೇರಿಸಿಕೊಂಡು ಅವರ ಬೆರಳು ಹೇಗಿರುತ್ತವೆಂದು ನಿಮಗೆ ತಿಳಿಯದೇ ಎಂದು ಕೇಳಿದೆ. ಮೇಜು ಗುದ್ದಿದೆ. ವಿಶ್ವವಿದ್ಯಾಲಯಕ್ಕೆ ನಾನೇ ಬರೆಯುತ್ತೇನೆ, ಪತ್ರಿಕೆಗೆ ಬರೆಯುತ್ತೇನೆ ಎಂದೆ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಎದ್ದು ಹೋಗಿ ಕಪಾಟಿನಿಂದ ಒಂದು ಫೈಲು ತಂದರು. ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಇಟ್ಟಿದ್ದ ನನ್ನ ಪ್ರಶ್ನಾವಳಿಯನ್ನು ತೆಗೆದು ನನ್ನ ಕಡೆ ತಿರುಗಿಸಿದರು. ನಾನು ಬರೆದ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಖುದ್ದಾಗಿ ಪರಿಶೀಲಿಸಿದ್ದೇನೆ. ಯಾವ ವಿದ್ಯಾರ್ಥಿಗೂ ತೊಂದರೆಯಾದುದು ಕಂಡುಬಂದಿಲ್ಲ.

"ನೀವಾ ಬರದೀರಲ್ರಿ ಮೇಡಂ. ಈಗ ಆ ಹುಡಿಗ್ಯಾರು ಯಂತ್ರ ಕೆಟ್ಟೈತಿ ಅಂದ್ರ ನಾ ಯಾರ ಮಾತು ನಂಬಬೇಕು? ವಿಶ್ವವಿದ್ಯಾಲಯದವರು ಕೇಳಿದ್ರ ಇದನ್ನಾ ಕಳಸ್ತೀನಿ."

ಅರಚುವ ಚಟದವಳು ನಾನು, ಅವತ್ತು ಕುರ್ಚಿಯಲ್ಲಿ ಕೂತು ಕಾಲು ಹಿಡಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡೆ. ಕಾಗದ ವಾಪಸು ಕೊಡಿ, ಬೇರೆ ಬರೆದುಕೊಡುತ್ತೇನೆ ಎಂದೆ. ಅದಕ್ಕೆ ದಾಖಲೆ ಸಂಖ್ಯೆ ಬಿದ್ದಾಗಿದೆ, ಸ್ಕ್ಯಾನ್ ಮಾಡಿ ವೆಬ್‌ಸೈಟಿಗೂ ಏರಿಸಿದ್ದೇವೆ ಎಂದರು. ನಗುಮುಖ ಹಾಗೇ ಇತ್ತು.

ಗೇಟಿನ ಹೊರಗೆ ಆ ಇಬ್ಬರೂ ನಿಂತಿದ್ದರು. ಮೇಡಂ ಬರುತ್ತಾರೆ ಎಂದು ಫೋನು ಮಾಡಿದವಳು ಹೇಳಿ ಕಳಿಸಿದ್ದಳು. ಒಬ್ಬಳು ಎತ್ತರದವಳು, ಇನ್ನೊಬ್ಬಳು ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತ ಸಣ್ಣ ಹುಡುಗಿ. ಆ ಮುಖಗಳನ್ನು ಕಂಡದ್ದೇ ನೆನಪಾಯಿತು. ಮೊದಲ ದಿನ ಕಂಪ್ಯೂಟರ್ ಕೋಣೆಯಲ್ಲಿ ಅವರೂ ಇದ್ದರು. ಬಾಗಿಲ ಬಳಿ ಕೂತವಳನ್ನು ಕರೆದು ಒಬ್ಬಳಿಂದಲೇ ಒತ್ತಿಸಿ ನೋಡಿ ಮುಗಿಸಿದ್ದೆ. ಪಕ್ಕದವಳನ್ನು ನೀನೂ ಒಂದು ಸಲ ಒತ್ತಿ ನೋಡು ಎನ್ನಲು ಎಷ್ಟು ಹೊತ್ತು ಬೇಕಾಗಿತ್ತು? ಯಾರಿಗೂ ಮಕ್ಕಳ ಮುಖ ಕಾಣುವುದಿಲ್ಲ ಎಂದು ಮೂರು ಊರು ಬೈದುಕೊಂಡು ತಿರುಗಿದವಳು ನಾನು.

"ಏನಂದ್ರು ಮೇಡಂ?" ಎಂದಳು ಎತ್ತರದವಳು.

ಸುಳ್ಳು ಹೇಳಲಿಲ್ಲ. ಆಗಲಿಲ್ಲವ್ವ ಎಂದೆ. ನಾನು ಏನು ಬರೆದುಕೊಟ್ಟೆ, ಯಾಕೆ ಬರೆದುಕೊಟ್ಟೆ ಎಂಬುದನ್ನೂ ಅಲ್ಲೇ ನಿಂತು ಹೇಳಿದೆ. ಎತ್ತರದವಳು ನೆಲ ನೋಡಿದಳು. ಸಣ್ಣವಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳಿಗೆ ಒಂದು ವಿಷಯ ತಿಳಿದುಕೊಳ್ಳಬೇಕಿತ್ತು, ಅಷ್ಟೇ.

"ನಮ್ಮನ್ನ ಕೇಳದಾನ ಹೆಂಗ ಬರದ್ರಿ ಮೇಡಂ, ಯಾರಿಗೂ ತೊಂದ್ರಿ ಇಲ್ಲ ಅಂತ?"